ಬಾವಿ ನೀರನ್ನು ಕಾಪಾಡುವ ಸಲಕರಣೆಗೆ ಸಹಾಯಧನ: ಪುಣೆಯ ಕನ್ನಡಿಗರ ಅನುಭವಗಳು

ಪ್ರಶ್ನೆ, ಕೋಥ್ರೂಡ್‌ನಿಂದ

ಪುರಂದರ ತಾಲೂಕಿನಲ್ಲಿ ನಮ್ಮ ಮಾವನವರ ಹೆಸರಿನಲ್ಲಿ ಮೂರು ಎಕರೆ ಅಂಜೂರದ ತೋಟವಿದೆ. ತೋಟದ ತಗ್ಗಿನಲ್ಲಿರುವ ಬಾವಿಯಿಂದಲೇ ಅಕ್ಕಪಕ್ಕದ ಮನೆಯವರು ಕುಡಿಯುವ ನೀರನ್ನೂ ಒಯ್ಯುತ್ತಾರೆ. ಈಚೆಗೆ ಪರೀಕ್ಷೆ ಮಾಡಿಸಿದಾಗ ನೈಟ್ರೇಟ್ (ಗೊಬ್ಬರ, ಸಗಣಿಯಿಂದ ನೀರಿಗಿಳಿಯುವ ಸಾರಜನಕದ ಲವಣ) ಪ್ರಮಾಣ ಮಿತಿ ಮೀರಿದೆ ಎಂಬ ವರದಿ ಬಂತು. ಹಾಯಿನೀರು ಬಿಟ್ಟು ಹನಿ ನೀರಾವರಿಗೆ ಹೋಗಬೇಕೆಂದಿದ್ದೇವೆ. ಬಾವಿಗಿಂತ ಎತ್ತರದಲ್ಲಿರುವ ತಿಪ್ಪೆಗೂ ಒಂದು ವ್ಯವಸ್ಥೆ ಆಗಬೇಕು. ಯಾವುದಕ್ಕೆ ಸಹಾಯಧನ ಸಿಗುತ್ತದೆ, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹಡಪ್ಸರದಿಂದ

ಮೇಡಂ, ಜುನ್ನರ ಕಡೆಯ ನಮ್ಮ ದ್ರಾಕ್ಷಿ ತೋಟಕ್ಕೆ ಇದೇ ದಾರಿಯಲ್ಲಿ ಸಹಾಯಧನ ಪಡೆದಿದ್ದೇವೆ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಕೇಂದ್ರದ ‘ಪರ್ ಡ್ರಾಪ್ ಮೋರ್ ಕ್ರಾಪ್’ ಯೋಜನೆಯಲ್ಲಿ ಹನಿ ನೀರಾವರಿಗೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಶೇ. 55, ಉಳಿದವರಿಗೆ ಶೇ. 45 ಸಹಾಯಧನವಿದೆ, ಮಹಾರಾಷ್ಟ್ರ ಸರ್ಕಾರವು ಮುಖ್ಯಮಂತ್ರಿ ಶಾಶ್ವತ ಕೃಷಿ ಸಿಂಚನ ಯೋಜನೆಯ ಮೂಲಕ ತನ್ನ ಪಾಲು ಸೇರಿಸುವುದರಿಂದ ಒಟ್ಟು ಕ್ರಮವಾಗಿ ಶೇ. 80 ಮತ್ತು ಶೇ. 75 ಆಗುತ್ತದೆ. ಎರಡು ಹೆಕ್ಟೇರ್‌ವರೆಗಿನ ಹಿಡುವಳಿದಾರರು ಸಣ್ಣ ರೈತರೆನಿಸುವುದರಿಂದ, ನಿಮ್ಮ ಮಾವನವರಿಗೆ ಬೇರೆಡೆ ಜಮೀನಿಲ್ಲದಿದ್ದರೆ ಶೇ. 80ರ ಲೆಕ್ಕವೇ ಅನ್ವಯಿಸಬೇಕು. ಆದರೆ ಈ ಲೆಕ್ಕ ಅಂಗಡಿಯವರು ಕೊಡುವ ಬಿಲ್ಲಿನ ಮೇಲಲ್ಲ, ಸಾಲಿನ ಅಂತರ ಮತ್ತು ಕ್ಷೇತ್ರಕ್ಕೆ ತಕ್ಕಂತೆ ಸರ್ಕಾರ ನಿಗದಿಪಡಿಸಿದ ವೆಚ್ಚದ ಮೇಲೆ ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಂಡು ಹಣ ಹೊಂದಿಸಿ.

ಅರ್ಜಿ ಹಾಕಬೇಕಾದದ್ದು ರಾಜ್ಯ ಸರ್ಕಾರದ ಮಹಾಡಿಬಿಟಿ ಪೋರ್ಟಲ್‌ನಲ್ಲಿ. ಆಯ್ಕೆಯಾದ ಮೇಲೆ ಸಾತ್‌ಬಾರಾ (ಪಹಣಿ), ಎಂಟು-ಅ ಉತಾರೆ (ಖಾತೆ ಪತ್ರ) ಮತ್ತು ಕೊಟೇಶನ್ ಸೇರಿಸಿದರೆ ಕೃಷಿ ಇಲಾಖೆಯಿಂದ ಪೂರ್ವಸಂಮತಿ ಬರುತ್ತದೆ. ಅದು ಕೈಗೆ ಬರುವ ಮುನ್ನ ಒಂದು ಪೈಪನ್ನೂ ಕೊಳ್ಳಬೇಡಿ. ನಮ್ಮ ಪಕ್ಕದ ತೋಟದವರು ಮಳೆಗಾಲಕ್ಕೆ ಮುಂಚೆ ಮುಗಿಸುವ ಅವಸರದಲ್ಲಿ ಸಾಮಾನು ತಂದು ಹಾಕಿಸಿಬಿಟ್ಟರು. ಬಿಲ್ಲಿನ ತಾರೀಖು ಸಂಮತಿಪತ್ರದ ತಾರೀಖಿಗಿಂತ ಹಿಂದಿನದಾಗಿದ್ದರಿಂದ ಅವರ ಕಡತ ಅಲ್ಲಿಗೇ ನಿಂತಿತು.

ಇನ್ನು, ನಿಮ್ಮ ಬಾವಿಯ ಮಟ್ಟಿಗೆ ಹಣಕ್ಕಿಂತಲೂ ಮುಖ್ಯವೆಂದು ನಾನು ಭಾವಿಸುವ ಸಂಗತಿ. ಹನಿ ನೀರಾವರಿ ಹಾಕಿದ ಮಾತ್ರಕ್ಕೆ ನೀರು ಶುದ್ಧವಾಗಿ ಉಳಿಯುವುದಿಲ್ಲ. ವೆಂಚುರಿಯ (ಗೊಬ್ಬರದ ದ್ರಾವಣವನ್ನು ಪೈಪಿನ ನೀರಿಗೆ ಎಳೆದುಕೊಳ್ಳುವ ಸಾಧನ) ಮೂಲಕ ಯೂರಿಯಾ ದ್ರಾವಣ ಬಿಡುತ್ತಿರುವಾಗ ಕರೆಂಟ್ ಹೋಗಿ ಮೋಟಾರು ನಿಂತರೆ, ಪೈಪಿನಲ್ಲಿದ್ದ ನೀರು ಇಳಿಜಾರಿನಲ್ಲಿ ಬಾವಿಯ ಕಡೆಗೇ ಹಿಂದಿರುಗುತ್ತದೆ, ಜೊತೆಗೆ ಗೊಬ್ಬರವನ್ನೂ ಎಳೆದೊಯ್ಯುತ್ತದೆ. ನಿಮ್ಮ ತೋಟ ಎತ್ತರದಲ್ಲಿ, ಬಾವಿ ತಗ್ಗಿನಲ್ಲಿ ಇರುವುದರಿಂದ ಈ ಅಪಾಯ ಹೆಚ್ಚು. ಬಾವಿಯೊಳಗಿನ ಪೈಪಿನ ತುದಿಯಲ್ಲಿ ಫುಟ್‌ವಾಲ್ವ್ ಇದೆಯಲ್ಲ ಎಂದು ಸುಮ್ಮನಿರುವಂತಿಲ್ಲ, ಅದರಲ್ಲಿ ಕಸ ಸಿಕ್ಕಿ ಸೋರುವುದು ಸಾಮಾನ್ಯ. ಇದನ್ನು ತಡೆಯುವುದು ನಾನ್ ರಿಟರ್ನ್ ವಾಲ್ವ್ ಎಂಬ ಸಣ್ಣ ಭಾಗ. ಅದು ಪಂಪಿಗೂ ವೆಂಚುರಿಗೂ ನಡುವೆ ಇರಬೇಕು. ವೆಂಚುರಿಯಿಂದ ಆಚೆ ಕೂರಿಸಿದರೆ ನಿಮ್ಮ ಬಾವಿಗೆ ಪ್ರಯೋಜನವಿಲ್ಲ. ಕೊಟೇಶನ್‌ನಲ್ಲಿ ಈ ವಾಲ್ವಿನ ಹೆಸರು ಪ್ರತ್ಯೇಕವಾಗಿ ಬರೆದಿದೆಯೇ ಎಂದು ನೋಡಿ, ಇಲ್ಲದಿದ್ದರೆ ಬರೆಸಿ. ಅದರ ಮೈಮೇಲಿನ ಬಾಣದ ಗುರುತು ತೋಟದ ಕಡೆಗೆ ಮುಖ ಮಾಡಿರಬೇಕು.

ಜೋಡಣೆಯಾದ ದಿನವೇ ಪರೀಕ್ಷಿಸಿಬಿಡಿ. ವೆಂಚುರಿಯ ಸಣ್ಣ ಕೊಳವೆಯನ್ನು ಬರೀ ನೀರು ತುಂಬಿದ ಬಕೆಟ್ಟಿನಲ್ಲಿ ಇಳಿಬಿಟ್ಟು, ಮೋಟಾರು ಓಡುತ್ತಿರುವಾಗಲೇ ಬಂದ್ ಮಾಡಿಸಿ. ಮೋಟಾರು ನಿಂತ ಮೇಲೂ ಬಕೆಟ್ಟಿನ ನೀರು ಇಳಿಯುತ್ತಿದ್ದರೆ ಅಥವಾ ಪೈಪಿನ ನೀರು ಬಕೆಟ್ಟಿಗೆ ಬಂದು ಉಕ್ಕುತ್ತಿದ್ದರೆ, ಸರಿಪಡಿಸದ ಹೊರತು ಕೆಲಸ ಮುಗಿಯಿತೆಂಬ ಕಾಗದಕ್ಕೆ ಸಹಿ ಹಾಕಬೇಡಿ. ಸ್ಥಳ ತಪಾಸಣೆಗೆ ಬರುವ ಅಧಿಕಾರಿಗಳು ಕ್ಷೇತ್ರ ಅಳೆದು ಫೋಟೋ ತೆಗೆದುಕೊಳ್ಳುತ್ತಾರೆ. ಈ ಬಕೆಟ್ ಪರೀಕ್ಷೆಯನ್ನು ನೀವೇ ಮಾಡಿಕೊಳ್ಳಬೇಕು. ಹಾಗೆಯೇ ಕರೆಂಟ್ ಬಂದೊಡನೆ ಮೋಟಾರನ್ನು ತಾನೇ ಓಡಿಸುವ ಆಟೋಸ್ಟಾರ್ಟರ್ ಹಾಕಿಟ್ಟು ರಾತ್ರಿಯ ಕರೆಂಟಿಗೆ ಗೊಬ್ಬರ ಬಿಡುವ ಅಭ್ಯಾಸ ಬೇಡವೇ ಬೇಡ; ಎದುರಿಗೆ ಒಬ್ಬರಿರುವಾಗ ಮಾತ್ರ ಬಿಡಿ. ಗೊಬ್ಬರ ಮುಗಿದ ಮೇಲೆ ಪೈಪು ತೊಳೆಯುವಷ್ಟು ಮಾತ್ರ ನೀರು ಹರಿಸಿ, ಅದಕ್ಕಿಂತ ಹೆಚ್ಚು ಹರಿಸಿದರೆ ನೈಟ್ರೇಟ್ ಬೇರಿನಿಂದ ಕೆಳಕ್ಕೆ ಇಳಿದು ಮತ್ತೆ ಬಾವಿಗೇ ಸೇರುತ್ತದೆ.

ಸಾಸವಡದಿಂದ

ಒಂದೇ ಮಾತು ಸೇರಿಸುತ್ತೇನೆ. ಸಾತ್‌ಬಾರಾದಲ್ಲಿ ಮಾವನವರೊಂದಿಗೆ ಅಣ್ಣತಮ್ಮಂದಿರ ಹೆಸರೂ ಇದ್ದರೆ ಅವರೆಲ್ಲರ ಒಪ್ಪಿಗೆ ಪತ್ರವನ್ನು ಈಗಲೇ ಸಿದ್ಧಪಡಿಸಿಕೊಳ್ಳಿ. ಮಾವನವರ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿರಬೇಕು, ರೈತ ಗುರುತಿನ ಸಂಖ್ಯೆಯನ್ನೂ ಈಗ ಕೇಳುತ್ತಾರೆ.

ಚಿಂಚವಡದಿಂದ

ತಿಪ್ಪೆಯ ವಿಷಯಕ್ಕೆ ಯಾರೂ ಬರಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಬಯೋಗ್ಯಾಸ್ ಸ್ಥಾವರಕ್ಕೆ ಕೇಂದ್ರದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸಹಾಯಧನವಿದ್ದು, 2025–26ರವರೆಗಿನ ಹಂತದಲ್ಲಿ ನಮ್ಮ ರಾಜ್ಯದಂಥ ಕಡೆ 2ರಿಂದ 4 ಘನ ಮೀಟರ್ ಗಾತ್ರಕ್ಕೆ ₹14,350 ಎಂದು ನಿಗದಿಯಾಗಿತ್ತು. ಪಂಚಾಯತ್ ಸಮಿತಿಯ ಕೃಷಿ ವಿಭಾಗದಲ್ಲಿ ವಿಚಾರಿಸಿ. ಒಂದು ಘನ ಮೀಟರಿಗೆ ದಿನಕ್ಕೆ ಸುಮಾರು 25 ಕಿಲೋ ಸಗಣಿ ಬೇಕಾಗುವುದರಿಂದ, ಎರಡು ಘನ ಮೀಟರಿನದಕ್ಕೆ ನಾಲ್ಕೈದು ದನಗಳಾದರೂ ಇರಬೇಕು. ಇಲ್ಲದಿದ್ದರೆ ಇದರ ಯೋಚನೆ ಬಿಟ್ಟು, ತಿಪ್ಪೆಯನ್ನೇ ಬಾವಿಗಿಂತ ತಗ್ಗಿನ ಜಾಗಕ್ಕೆ ಸ್ಥಳಾಂತರಿಸಿ, ತಳ ಗಟ್ಟಿ ಮಾಡಿಸಿ, ಮಳೆಗಾಲದಲ್ಲಿ ತಾಡಪತ್ರಿ ಹೊದಿಸುವುದೇ ಮೇಲು.

ಸ್ಥಾವರ ಕಟ್ಟಿಸಿದರೆ ಇನ್ನೊಂದು ಎಚ್ಚರ ಬೇಕು. ಅನಿಲ ಹೊರಬಂದ ಮೇಲೂ ಸಗಣಿಯಲ್ಲಿದ್ದ ಸಾರಜನಕ ಬಹುಪಾಲು ಸ್ಲರಿಯಲ್ಲಿಯೇ (ಸ್ಥಾವರದಿಂದ ಹೊರಬರುವ ಸಗಣಿ ರಾಡಿ) ಉಳಿಯುತ್ತದೆ, ಅದೂ ನೀರಿನೊಂದಿಗೆ ಸುಲಭವಾಗಿ ಹರಿಯುವ ರೂಪದಲ್ಲಿ. ಆದ್ದರಿಂದ ಸ್ಲರಿ ಗುಂಡಿಗೆ ಸಿಮೆಂಟಿನ ತಳವಿರಬೇಕು, ಬಾವಿಯಿಂದ ದೂರವಿರಬೇಕು.

ಕರ್ವೆನಗರದಿಂದ

ತಂಗೀ, ಸಲಕರಣೆ ಬರುವವರೆಗೆ ಆ ಮನೆಗಳಲ್ಲಿ ಹಸುಗೂಸುಗಳಿದ್ದರೆ ಅವುಗಳ ಹಾಲಿಗೆ, ಗಂಜಿಗೆ ಈ ನೀರು ಬಳಸದಂತೆ ಇಂದೇ ತಿಳಿಸಿರಿ. ಭಾರತೀಯ ಮಾನಕದಲ್ಲಿ ಕುಡಿಯುವ ನೀರಿನ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರೂ ಹೋಗುವುದಿಲ್ಲ. ಹನಿ ನೀರಾವರಿ ಹಾಕಿಸಿದ ವರ್ಷವೇ ಫಲಿತಾಂಶ ಕಾಣದಿದ್ದರೆ ಎದೆಗುಂದಬೇಡಿರಿ, ಮಣ್ಣಿನಲ್ಲಿ ಈಗಾಗಲೇ ಇಳಿದಿರುವ ನೈಟ್ರೇಟ್ ಬಾವಿಗೆ ಬರುತ್ತಲೇ ಇರುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅದೇ ಬಾವಿಯ ನೀರನ್ನು ಪರೀಕ್ಷೆಗೆ ಕೊಡುತ್ತ, ವರದಿಗಳನ್ನು ಸಹಾಯಧನದ ಕಾಗದಗಳ ಜೊತೆಯಲ್ಲಿಯೇ ಇಟ್ಟುಕೊಳ್ಳಿರಿ.