ವಾಡೆ ಕೆಡವುತ್ತಾರಂತೆ. ಏಳನೇ ಮೆಟ್ಟಿಲಿನ ಗೀರು ಉಳಿಸಿಕೊಳ್ಳೋದು ಹೇಗೆ?

ನಾರಾಯಣ ಪೇಠೆ ಸೊಸೆ:
ಪುಣೆಯ ನಾರಾಯಣ ಪೇಠೆಯ ಒಂದು ವಾಡೆಯಲ್ಲಿ, ಅಂದರೆ ತೊಟ್ಟಿಮನೆಯಂಥ ಹಳೇ ಮನೆಯಲ್ಲಿ, ಬಾಡಿಗೆಗೆ ಇದ್ದೇವೆ. ನಮ್ಮ ಮಾವನವರ ಅಪ್ಪ ಧಾರವಾಡದಿಂದ ಬಂದು ಎರಡು ಖೋಲಿ ಹಿಡಿದಿದ್ದರಂತೆ. ಇವತ್ತಿಗೂ ತಿಂಗಳ ಬಾಡಿಗೆ ನಮ್ಮ ಎರಡು ದಿನದ ಹಾಲಿನ ದುಡ್ಡಿಗಿಂತ ಕಡಿಮೆ. ಹಾಗಾಗಿ ಮಾಲಕರು ರಿಪೇರಿ ಮಾಡಿಸಲಿಲ್ಲ ಅಂತ ಬೈಯೋಕೂ ಬಾಯಿ ಬರೋದಿಲ್ಲ. ಈಗ ಬಿಲ್ಡರ್ ಬಂದಿದ್ದಾನೆ. ಏಳು ಮನೆಗಳಲ್ಲಿ ಐದು ಮನೆಯವರು ಸಹಿ ಹಾಕಿದ್ದಾರೆ. ನಾವು ಇನ್ನೂ ಹಾಕಿಲ್ಲ.

ದೊಡ್ಡ ಸರದಾರರ ವಾಡೆ ಅಂತ ತಿಳ್ಕೋಬೇಡಿ. ಕಲ್ಲಿನ ಕಟ್ಟೆ, ನಡುವೆ ಚೌಕ, ಸುತ್ತ ಸಾಗವಾನಿ ಕಂಬಗಳ ಪಡಸಾಲೆ. ಚೌಕದ ಬಾವಿ ಮುಚ್ಚಿಸಿ ಅದರ ಮೇಲೆ ಸ್ಕೂಟರ್ ನಿಲ್ಲಿಸ್ತೀವಿ. ಸಂಡಾಸ ಹಿಂದುಗಡೆ, ಮೂರು ಮನೆಗೆ ಒಂದು.

ಆದ್ರೆ ಮಾಳಿಗೆಗೆ ಹತ್ತುವಾಗ ಏಳನೇ ಮೆಟ್ಟಿಲಿನ ಪಕ್ಕದ ಕಂಬದಲ್ಲಿ ಒಂದು ಗೀರು ಇದೆ. 1961ರ ಜುಲೈ 12ಕ್ಕೆ ಪಾನಶೇತ್ ಅಣೆಕಟ್ಟೆ ಒಡೆದಾಗ ನೀರು ಅಲ್ಲಿವರೆಗೆ ಬಂದಿತ್ತು. ನೀರು ಇಳಿದ ಮೇಲೆ ಅಜ್ಜ ಅಡಕೊತ್ತಿನ ಮೂತಿಯಿಂದ ಗೀರಿದ್ದು. ದೀಪಾವಳಿಗೆ ಬಣ್ಣ ಹೊಡೆಸುವಾಗ ಅತ್ತೆ ಅಲ್ಲೇ ನಿಂತು ಬಿಡ್ತಾರೆ, ಆ ನಾಲ್ಕು ಬೆರಳಿನ ಜಾಗ ಬಿಟ್ಟು ಹೊಡೆಸ್ತಾರೆ.

ಹೆರಿಟೇಜ್ ಪಟ್ಟಿಗೆ, ಅಂದರೆ ಉಳಿಸಬೇಕಾದ ಹಳೇ ಕಟ್ಟಡಗಳ ಪಟ್ಟಿಗೆ, ಸೇರಿಸೋಕೆ ಬರುತ್ತಾ ಅಂತ ಒಂದು ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ಪಟ್ಟಿ ತೆಗೆದು ಸಹ ನೋಡದೆ "ನಿಮ್ಮದು ಇರೋದಿಲ್ಲ ಬಿಡಿ" ಅಂದರು. ನಿಜವಾಗಲೂ ಏನೂ ದಾರಿ ಇಲ್ವಾ?

ಸುಣ್ಣ ಗಾರೆ:
ಅಕ್ಕಾ, ನಾನು ಬೆಳಗಾವಿಯವನು, ಇಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್. ಪಟ್ಟಿಯಲ್ಲಿ ಇದೆಯೋ ಇಲ್ಲವೋ ಅಂತ ಬರೆದು ಕೇಳಿ, ಬರೆದೇ ಉತ್ತರ ತಗೊಳ್ಳಿ. ಇದ್ದರೂ ಪಟ್ಟಿಯ ಕೊನೆಯದಾದ ಮೂರನೇ ದರ್ಜೆಯಲ್ಲಿ ಇರಬಹುದು, ಹಾಗಂದರೆ ಯಾರೂ ಮುಟ್ಟೋ ಹಾಗಿಲ್ಲ ಅಂತಲ್ಲ, ಕೇಳಿ ಮುಟ್ಟಬೇಕು ಅಂತ ಅಷ್ಟೇ.

ನನಗೆ ಜಾಸ್ತಿ ಚಿಂತೆ ಆ ಕಂಬದ್ದು. ವಾಡೆಯ ಭಾರ ಹೊರೋದು ಬಹುಪಾಲು ಕಂಬ, ತೊಲೆಗಳೇ. ಗೋಡೆ ಉಬ್ಬಿದ ಕೂಡಲೇ ಮನೆ ಬಿತ್ತು ಅಂತಲ್ಲ. ಮರ ಸಾಯೋದು ಎರಡು ಕಡೆ. ಒಂದು ಕಂಬದ ಬುಡ, ಇನ್ನೊಂದು ಗೋಡೆಯೊಳಗೆ ಹೂತಿರುವ ತೊಲೆಯ ತುದಿ. ಮಣ್ಣು, ಸುಣ್ಣದ ಗೋಡೆ ಒದ್ದೆಯಾದರೆ ತಾನೇ ಒಣಗುತ್ತೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಡಿದರೆ ತೇವ ಒಳಗೇ ಉಳಿಯುತ್ತೆ, ಪಕ್ಕದ ಮರ ಕುಡಿಯುತ್ತೆ. ನಿಮ್ಮಲ್ಲಿ ಬಡಿದಿದ್ದಾರಾ? ಒಂದು ಸ್ಕ್ರೂಡ್ರೈವರ್ ತಗೊಂಡು ಕಂಬದ ಬುಡಕ್ಕೆ ಚುಚ್ಚಿ ನೋಡಿ. ಬುಡ ಮಾತ್ರ ಹೋಗಿದ್ದರೆ ಅಷ್ಟೇ ಕತ್ತರಿಸಿ ಹೊಸ ಸಾಗವಾನಿ ಜೋಡಿಸಬಹುದು. ಮೇಲಿನ ಭಾರಕ್ಕೆ ಮೊದಲು ಊರುಗೋಲು ಕೊಡಬೇಕು, ನೀವೇ ಕೈ ಹಾಕಬೇಡಿ ಮತ್ತೆ.

ಕಸಬಾ ಕಾಕಾ:
ತಾಯಿ, ಸಿಟ್ಟಾಗಬೇಡ. ನಾನು ಐವತ್ತು ವರ್ಷ ವಾಡೆಯಲ್ಲಿ ಇದ್ದವನು. ಮಳೆಗಾಲದ ರಾತ್ರಿ ಹನ್ನೆರಡಕ್ಕೆ ಕೊಡೆ ಹಿಡಿದು ಸಂಡಾಸಕ್ಕೆ ಹೋದವರಿಗೆ ಗೊತ್ತು ಸಾಗವಾನಿ ಕಂಬದ ಚೆಂದ.

ನಮ್ಮ ಗೋಳೇ ಬೇರೆ. ನಾವಿರೋದು ಪೇಶ್ವೆ ಬಾಜೀರಾಯರು ಕಟ್ಟಿಸಿದ ಶನಿವಾರ ವಾಡೆಯ ಪಕ್ಕ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. 1992ಕ್ಕೂ ಮೊದಲಿನ ಮನೆಗೆ ರಿಪೇರಿ ಮಾಡಿಸಬಹುದು, ಅದಕ್ಕೂ ಅರ್ಜಿ. ಬಾಜೀರಾಯರ ವಾಡೆ ಉಳಿಯಿತು, ನಮ್ಮದು ಉಳಿಸೋಕೂ ಬರಲ್ಲ, ಕೆಡವಿ ಕಟ್ಟೋಕೂ ಬರಲ್ಲ.

ಇನ್ನು ಭಿಡೆ ವಾಡೆ ನೋಡು. 1848ರಲ್ಲಿ ಫುಲೆ ದಂಪತಿ ಹೆಣ್ಣುಮಕ್ಕಳ ಶಾಲೆ ತೆರೆದ ಜಾಗ. ಅದನ್ನು ಉಳಿಸಬೇಕು ಅಂತ ವರ್ಷಾನುಗಟ್ಟಲೆ ಕೋರ್ಟು ನಡೆಯಿತು. ಕೊನೆಗೆ 2023ರ ಡಿಸೆಂಬರಿನಲ್ಲಿ ರಾತ್ರೋರಾತ್ರಿ ಕೆಡವಿದರು, ಸ್ಮಾರಕ ಕಟ್ಟೋಕೆ! ಅಷ್ಟು ಹೊತ್ತಿಗೆ ಶಿಥಿಲವಾಗಿತ್ತು, ಒಪ್ಪುತ್ತೇನೆ. ಆದ್ರೂ.

ಗಿರಗಾಂವ್ ಚಾಳಿನವಳು:
ಮುಂಬೈಯಿಂದ ಒಂದೇ ಮಾತು. ಹೆದರಿ ಸಹಿ ಹಾಕಬೇಡಿ. ಕಟ್ಟಡ ಬಿದ್ದರೂ, ಪಾಲಿಕೆ ಕೆಡವಿದರೂ ಬಾಡಿಗೆದಾರರ ಹಕ್ಕು ಅಷ್ಟಕ್ಕೇ ಮುಗಿಯೋದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಎಷ್ಟು ಚದರಡಿ, ಎಷ್ಟನೇ ಮಾಳಿಗೆ, ಹೊಸ ಮನೆ ಸಿಗೋವರೆಗೆ ಬೇರೆ ಕಡೆ ಇರೋ ಬಾಡಿಗೆ ಯಾರು ಕೊಡೋದು, ಎಲ್ಲ ನೋಂದಣಿಯಾದ ಕರಾರಿನಲ್ಲಿ ಬರಲಿ. ಇಲ್ಲಿ ಬಿಡಿಡಿ ಚಾಳಿನವರು (ಬ್ರಿಟಿಷರ ಕಾಲದ ಸರ್ಕಾರಿ ಒಂಟಿ ಕೋಣೆ ವಠಾರಗಳು) 160 ಚದರಡಿಯಿಂದ 500ಕ್ಕೆ ಹೋಗ್ತಿದ್ದಾರೆ. ಅವರ ಮುಂದೆ ನಿಂತು ಹಳೇದು ಚೆಂದ ಅನ್ನೋಕೆ ನನಗಂತೂ ಧೈರ್ಯ ಇಲ್ಲ.

ನಾರಾಯಣ ಪೇಠೆ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಕಾಕಾ, ಸಿಟ್ಟಿಲ್ಲ, ನಮ್ಮತ್ತೆಯ ಮೊಣಕಾಲು ನಿಮ್ಮ ಪಾರ್ಟಿಯೇ.

ಚುಚ್ಚಿ ನೋಡಿದೆ ಸರ್. ಬುಡದಲ್ಲಿ ಸ್ಕ್ರೂಡ್ರೈವರ್ ಬೆಣ್ಣೆಗೆ ಹೋದ ಹಾಗೆ ಹೋಯಿತು, ಕಪ್ಪು ಹಿಟ್ಟು ಉದುರಿತು. ಒಂದು ಗೇಣು ಮೇಲೆ ಚುಚ್ಚಿದರೆ ಕೈ ನೋಯುತ್ತೆ, ಮರಕ್ಕೆ ಏನೂ ಆಗಲ್ಲ. ಪಕ್ಕದ ಗೋಡೆಗೆ ಸಿಮೆಂಟ್ ಮಾಡಿಸಿದ್ದು ನಾವೇ, ನನ್ನ ಮದುವೆಯ ವರ್ಷ. ಈ ಭಾನುವಾರ ಮಗನ ಜೊತೆ ಟೇಪ್ ಹಿಡಿದು ಇಡೀ ವಾಡೆ ಅಳೆದು ನಕ್ಷೆ ಬರೆದೆವು. ಗೀರು ಚೌಕದ ನೆಲದಿಂದ 5 ಅಡಿ 2 ಇಂಚು. ಪಟ್ಟಿಯ ಬಗ್ಗೆ ಅರ್ಜಿನೂ ಕೊಟ್ಟಿದ್ದೇನೆ.

ಬಿಲ್ಡರನ ಕಡೆಯವನು "ಕಂಬ ತಾನೇ, ಮಾಲಕರನ್ನ ಕೇಳಿ ತಗೊಂಡು ಹೋಗಿ" ಅಂದ. ನಮಗೆ ಹೊಸ ಕಟ್ಟಡದಲ್ಲಿ ಆರನೇ ಮಾಳಿಗೆ ಅಂತೆ. ಖುಷಿಯಿಂದ ಅತ್ತೆಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ ಕೇಳಿದರು: "ಆರನೇ ಮಾಳಿಗೆಯಲ್ಲಿ ನಿಲ್ಲಿಸಿ, ನೀರು ಇಲ್ಲಿವರೆಗೆ ಬಂದಿತ್ತು ಅಂತ ಯಾರಿಗೆ ತೋರಿಸ್ತೀ?"