ಅಪ್‌ಡೇಟ್: ಹೊಸ ನಿಯಾನ್ ಟೆಟ್ರಾಗಳು ದೊಡ್ಡ ಟ್ಯಾಂಕ್ ಸೇರಿದವು

ಗಪ್ಪಿ, ಕೋರಿಡೋರಸ್ ಮೀನುಗಳಿರುವ ದೊಡ್ಡ ಟ್ಯಾಂಕಿಗೆ 8 ಹೊಸ ನಿಯಾನ್ ಟೆಟ್ರಾಗಳನ್ನು ನೇರವಾಗಿ ಬಿಡಬಹುದಾ ಅಂತ ಒಂದೂವರೆ ತಿಂಗಳ ಹಿಂದೆ ಕೇಳಿದ್ದೆ. ಬೇಡ, ಮೊದಲು ಬೇರೆ ಇಡಿ ಅಂದಿರಿ. ಹಾಗೇ ಮಾಡಿದೆ. ತುಂಬಾ ಥ್ಯಾಂಕ್ಸ್.

20 ಲೀಟರಿನ ಸಣ್ಣ ಟ್ಯಾಂಕ್, ಹೀಟರ್, ದೊಡ್ಡ ಟ್ಯಾಂಕಿನಲ್ಲಿ ಓಡುತ್ತಿದ್ದ ಸ್ಪಾಂಜ್ ಫಿಲ್ಟರ್, ಇಷ್ಟೇ. 5ನೇ ದಿನ ಎರಡು ಮೀನಿನ ರೆಕ್ಕೆ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ! ಇಕ್ ರೋಗ, ಅಂದರೆ ಒಂದು ಸಣ್ಣ ಪರಾವಲಂಬಿ ಜೀವಿಯಿಂದ ಬರುವ ಬಿಳಿ ಚುಕ್ಕೆ ರೋಗ. ನೇರವಾಗಿ ಬಿಟ್ಟಿದ್ದರೆ ಹಳೇ ಮೀನುಗಳಿಗೂ ಹರಡುತ್ತಿತ್ತು ಅಲ್ವಾ? ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ. ಔಷಧಿ ಶುರು ಮಾಡಿದೆ. ಚುಕ್ಕೆ ಹೋದ ಮೇಲೂ ಕೆಲವು ದಿನ ನಿಲ್ಲಿಸಲಿಲ್ಲ. ಮೀನಿನ ಚರ್ಮದೊಳಗೆ ಇರುವಾಗ ಆ ಜೀವಿಗೆ ಔಷಧಿ ತಾಗುವುದಿಲ್ಲ. ಅದು ಉದುರಿ, ಮರಿಗಳಾಗಿ ಒಡೆದು ನೀರಿನಲ್ಲಿ ಈಜುವಾಗಲೇ ಸಾಯುವುದು. ಒಂದು ಮೀನು ಉಳಿಯಲಿಲ್ಲ. ತುಂಬಾ ಬೇಜಾರಾಯಿತು.

ಆಮೇಲೆ 3 ವಾರ ಸುಮ್ನೆ ಕಾದೆ. ನಿನ್ನೆ ಸಂಜೆ ದೊಡ್ಡ ಟ್ಯಾಂಕಿನಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಅಂತ ನೋಡಿಕೊಂಡು, ಲೈಟ್ ಆರಿಸಿ, ಉಳಿದ 7 ಮೀನುಗಳನ್ನು ಬಿಟ್ಟೆ. ಅವು ಇದ್ದ ನೀರನ್ನು ಮಾತ್ರ ಸುರಿಯಲಿಲ್ಲ. ರಾತ್ರಿಯೆಲ್ಲ ಗಿಡಗಳ ಹಿಂದೆ ಅಡಗಿದ್ದವು. ಬೆಳಿಗ್ಗೆ ಗುಂಪಾಗಿ ಹೊರಬಂದು ಊಟ ಮಾಡಿದವು. ಬಣ್ಣವೂ ಚೆನ್ನಾಗಿ ಹೊಳೆಯುತ್ತಿದೆ.