ದೇವತೆಯ ಮೈಮೇಲೆ ಆ ವರ್ಷದ ಉಡುಪು: ಹದಿನಾಲ್ಕನೆಯ ಲೂಯಿಯ ಕಾಲದ ಅಚ್ಚುಚಿತ್ರಗಳು

ಪ್ರಶ್ನೆ (ಬಸವನಗುಡಿಯಿಂದ):
ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಲ್ಲಿ, ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯ ಆಳ್ವಿಕೆಯ ಅಚ್ಚುಚಿತ್ರಗಳಿರುವ, ರಟ್ಟು ಕಿತ್ತುಹೋದ ಪುಸ್ತಕವೊಂದು ಸಿಕ್ಕಿತು. ಅಚ್ಚುಚಿತ್ರ ಮಾಡಿ ಮಾರುತ್ತಿದ್ದ ಪ್ಯಾರಿಸ್ಸಿನ ಬೊನಾರ್ ಸೋದರರ ಹಾಳೆಗಳಲ್ಲಿ ಋತುಗಳು, ಪಂಚೇಂದ್ರಿಯಗಳು ಎಂಬ ಹೆಸರು ಹೊತ್ತ ಹೆಂಗಸರು ಗ್ರೀಕ್ ದೇವಿಯರಂತಿರದೆ, ತಲೆಯ ಮೇಲೆ ಲೇಸಿನ (ಜಾಲರಿಯಂಥ ಹೆಣಿಗೆಬಟ್ಟೆಯ) ಗೋಪುರ ನಿಲ್ಲಿಸಿಕೊಂಡಿದ್ದಾರೆ. ಇವನ್ನು ರೂಪಕವೆಂದು ಓದಬೇಕೋ, ಉಡುಪಿನ ಜಾಹೀರಾತೆಂದೋ? ಸದಾ ಯುದ್ಧದಲ್ಲಿದ್ದ ರಾಜ್ಯಕ್ಕೆ ಇಷ್ಟೊಂದು ಲೇಸು ಏಕೆ ಬೇಕಿತ್ತು?

ಉತ್ತರ (ಮಲ್ಲೇಶ್ವರದಿಂದ):
ಎರಡೂ ಹೌದು. ನಮ್ಮ ಅಜ್ಜಿಯರ ಮನೆಯ ಗೋಡೆಯಲ್ಲಿದ್ದ ರವಿವರ್ಮನ ಲಕ್ಷ್ಮಿ ಉಟ್ಟದ್ದೂ ಆ ಕಾಲದ ಗೃಹಿಣಿಯರ ಸೀರೆಯನ್ನೇ ಅಲ್ಲವೇ? ಯುದ್ಧವೂ ಲೇಸಿನಿಂದ ದೂರವಿರಲಿಲ್ಲ. 1692ರ ಆಗಸ್ಟ್ 3ರಂದು ಈಗಿನ ಬೆಲ್ಜಿಯಮ್ಮಿನ ಸ್ಟೀನ್‌ಕರ್ಕ್‌ನಲ್ಲಿ ಶತ್ರುಗಳು ಏಕಾಏಕಿ ಮೇಲೆಬಿದ್ದಾಗ, ಕೊರಳವಸ್ತ್ರವನ್ನು ಒಪ್ಪವಾಗಿ ಕಟ್ಟಲು ಪುರುಸೊತ್ತಿಲ್ಲದ ಫ್ರೆಂಚ್ ಅಧಿಕಾರಿಗಳು ಅದನ್ನು ಹೇಗೆ ಬೇಕೋ ಹಾಗೆ ಸುತ್ತಿಕೊಂಡು ರಣಕ್ಕೆ ಓಡಿದರಂತೆ. ಗೆದ್ದ ಮೇಲೆ ಆ ಗಡಿಬಿಡಿಯ ಸುತ್ತೇ ಸೊಗಸೆನಿಸಿತು, ಹೆಂಗಸರೂ ಅದನ್ನು ಕೊರಳಿಗೇರಿಸಿದರು, 1693ರಲ್ಲಿ ಸೇಂ-ಝಾಂ ಎಂಬ ಚಿತ್ರಕಾರ ಅದನ್ನು ಧರಿಸಿದ ಕುಲೀನೆಯನ್ನೇ ಅಚ್ಚು ಹಾಕಿಸಿದ. ವರ್ಷಾಂತ್ಯಕ್ಕೆ ಬರುತ್ತಿದ್ದ ಗೋಡೆ ಪಂಚಾಂಗಗಳಂತೂ (ನಮ್ಮ ಕ್ಯಾಲೆಂಡರುಗಳ ಮುತ್ತಜ್ಜಂದಿರು ಎನ್ನಿ) ಕಹಳೆಯೂದುವ ಕೀರ್ತಿದೇವತೆ, ಹೊಸ ಕೋಟಿನ ಆಸ್ಥಾನಿಕರು, ಆ ವರ್ಷ ಹಿಡಿದ ಕೋಟೆಗಳು, ಅಡಿಯಲ್ಲಿ ತಿಂಗಳುಗಳ ಪಟ್ಟಿ, ಇಷ್ಟನ್ನೂ ಒಂದೇ ಹಾಳೆಗೆ ತುಂಬುತ್ತಿದ್ದವು.

ಉತ್ತರ (ಅಚ್ಚುಕಲೆಯನ್ನು ಕಲಿಸುವವರೊಬ್ಬರಿಂದ):
ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅಂಗಡಿಯನ್ನೂ ಆಸ್ಥಾನವನ್ನೂ ಒಂದೇ ಮಾಡಬಾರದು. ಮಂತ್ರಿ ಕೋಲ್ಬೇರ್ ದೊರೆಯ ಖರ್ಚಿನಲ್ಲಿ ಮಾಡಿಸಿದ ಹಾಳೆಗಳಲ್ಲಿ ಲೇಸಿಗೆ ಪ್ರಾಧಾನ್ಯವಿಲ್ಲ. ಆಸ್ಥಾನದ ಚಿತ್ರಕಾರ ಲ ಬ್ರೂನ್ ಬರೆದ ಅಲೆಕ್ಸಾಂಡರನ ಯುದ್ಧಗಳನ್ನು 1670ರ ದಶಕದಲ್ಲಿ ಕೆತ್ತನೆಗಾರ ಜೆರಾರ್ ಓದ್ರಾಂ ಹಲವು ತಾಮ್ರದ ತಗಡುಗಳಿಗೆ ಇಳಿಸಿದಾಗ, ಗ್ರೀಕ್ ವೀರನ ಹಿಂದೆ ಲೂಯಿಯನ್ನೇ ಕಾಣಬೇಕೆಂಬುದು ಉದ್ದೇಶವಾಗಿತ್ತು. ತಾಮ್ರದ ಮೇಲೆ ಉಳಿ ಓಡಿಸುವವನಿಗೆ ಮಾತ್ರ ರೇಷ್ಮೆಯ ಮಡಿಕೆಯೂ ಫಿರಂಗಿಯ ಹೊಗೆಯೂ ಒಂದೇ ಬಗೆಯ ಕೆಲಸ: ಗೆರೆಗಳನ್ನು ಹತ್ತಿರ ತಂದರೆ ನೆರಳು, ದೂರ ಸರಿಸಿದರೆ ಬೆಳಕು. ನಿಮ್ಮ ಪುಸ್ತಕದ ಹಾಳೆಗಳ ಅಡಿಬರಹವನ್ನು ಮಸೂರ ಹಿಡಿದು ಓದಿರಿ. ಸೇಂ-ಝಾಕ್ ಬೀದಿಯ ವಿಳಾಸದ ಪಕ್ಕ ಹದ್ದಿನ ಹೆಸರಿದ್ದರೆ ಅದು ನಿಕೊಲಾ ಬೊನಾರನ ಅಂಗಡಿ, ಹುಂಜವಿದ್ದರೆ ಅವನ ಸೋದರ ಆನ್ರಿಯದು.

ಪ್ರಶ್ನೆ ಕೇಳಿದವರು:
ಓದಿದೆ, ಸಾರ್. ಎರಡರಲ್ಲಿ ಹದ್ದು, ಒಂದರಲ್ಲಿ ಹುಂಜ. ಮೂರರಲ್ಲೂ ‘ದೊರೆಯ ಅಪ್ಪಣೆಯೊಂದಿಗೆ’ ಎಂದಿದೆ.